ಓಡಿ ಓಡಿ ಉಕ್ಕು ಹರಳುಗಟ್ಟುತ್ತದೆಯೇ? ಉತ್ತರ ತೋರಿಸಿದ ಹೆನ್ರಿ ಸಾರ್ಬಿ

ಗಾಡಿಯ ಆಕ್ಸೆಲ್ ಅಥವಾ ಬೇರಿಂಗ್ ಮುರಿದಾಗ ಒಳಗೆ ಸಕ್ಕರೆಯಂತೆ ಮಿನುಗುವ ಕಣಗಳು ಕಾಣಬಹುದು. ಓಡಿ ಓಡಿ ಉಕ್ಕು ಹರಳುಗಟ್ಟಿತು, ಅದಕ್ಕೇ ಮುರಿಯಿತು ಎನ್ನುವವರಿದ್ದಾರೆ. ಈ ನಂಬಿಕೆ ತುಂಬಾ ಹಳೆಯದು. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲು ಎಂಜಿನ್ನಿನ ಆಕ್ಸೆಲ್ ಮುರಿದು 50ಕ್ಕೂ ಹೆಚ್ಚು ಜನ ಸತ್ತ ಕಾಲದಲ್ಲಿ ಎಂಜಿನಿಯರುಗಳೂ ಇದನ್ನೇ ನಂಬಿದ್ದರು.

ನಿಜ ಏನೆಂದರೆ, ಉಕ್ಕು ಗಟ್ಟಿಯಾಗುವಾಗಲೇ ಹರಳುಗಳಿಂದ ಆಗಿರುತ್ತದೆ. ಅದನ್ನು ಕಣ್ಣಿಗೆ ಕಾಣುವಂತೆ ಮಾಡಿದವರು ಇಂಗ್ಲೆಂಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ.

ಸಾರ್ಬಿ ಹುಟ್ಟಿದ್ದು 1826ರಲ್ಲಿ, ಉಕ್ಕಿಗೆ ಹೆಸರಾದ ಶೆಫೀಲ್ಡ್‌ನಲ್ಲಿ. ಮನೆಯವರದು ಹರಿತವಾದ ಉಪಕರಣ ತಯಾರಿಸುವ ಉದ್ಯಮ. ತಂದೆ ತೀರಿಕೊಂಡ ಮೇಲೆ ಬಂದ ಆಸ್ತಿ ಜೀವನಕ್ಕೆ ಸಾಕಾಗಿತ್ತು. ಹಾಗಾಗಿ ಅವರು ಬೇರೆ ಕೆಲಸ ಹುಡುಕದೆ ಮನೆಯಲ್ಲೇ ಪ್ರಯೋಗಕ್ಕೆ ಕುಳಿತರು. ಮೊದಲು ಕಲ್ಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೆಟ್ಟವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದುಂಟೇ ಎಂದು ಜನ ನಕ್ಕರು.

1863ರ ಹೊತ್ತಿಗೆ ಉಕ್ಕಿನ ಸರದಿ ಬಂತು. ತುಂಡನ್ನು ಕನ್ನಡಿಯಂತೆ ನಯಗೊಳಿಸಿ, ನೀರು ಬೆರೆಸಿದ ಆಮ್ಲ ಸವರಿದಾಗ ಹರಳುಗಳ ಗಡಿಗಳು ಕಂಡವು. ಮರುವರ್ಷ ವಿಜ್ಞಾನಿಗಳ ಸಭೆಯಲ್ಲಿ ಚಿತ್ರಗಳನ್ನು ತೋರಿಸಿದರೂ ಸುಮಾರು ಇಪ್ಪತ್ತು ವರ್ಷ ಯಾರೂ ಹೆಚ್ಚು ಗಮನ ಕೊಡಲಿಲ್ಲ. ರೈಲು ಅಪಘಾತವಾದಾಗ ಹಳಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎಂದಿದ್ದರೆ ತಮ್ಮನ್ನು ಹುಚ್ಚಾಸ್ಪತ್ರೆಗೆ ಕಳಿಸುತ್ತಿದ್ದರು ಎಂದು ಅವರು ಆಮೇಲೆ ನೆನೆದದ್ದುಂಟು.

1887ರಲ್ಲಿ ಸಾರ್ಬಿ ಇನ್ನೊಂದು ಗುಟ್ಟು ವಿವರಿಸಿದರು. ತಣ್ಣಗಿರುವ ಕಬ್ಬಿಣವನ್ನು ಬಡಿದರೆ ಹರಳುಗಳು ಉದ್ದಕ್ಕೆ ಎಳೆದುಕೊಳ್ಳುತ್ತವೆ. ಚೆನ್ನಾಗಿ ಕಾಯಿಸಿದರೆ ಅವುಗಳ ಜಾಗದಲ್ಲಿ ಹೊಸ ಹರಳುಗಳು ಹುಟ್ಟುತ್ತವೆ.

ಇಂದಿನ ಹಾಟ್ ರೋಲಿಂಗ್ ನಿಂತಿರುವುದು ಇದರ ಮೇಲೆಯೇ. ಬೇರಿಂಗ್ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇ. 1ರಷ್ಟು ಇಂಗಾಲ, ಶೇ. 1.5ರಷ್ಟು ಕ್ರೋಮಿಯಂ ಇರುತ್ತದೆ. ಕೆಂಪಗೆ ಕಾದ ಉಕ್ಕನ್ನು ರೋಲರ್‌ಗಳ ನಡುವೆ ಒತ್ತಿದಾಗ ದೊಡ್ಡ ಹರಳುಗಳು ಹೋಗಿ ಸಣ್ಣವು ಬರುತ್ತವೆ. ಆಮೇಲೆ ತೀರಾ ನಿಧಾನವಾಗಿ ತಣಿಸಿದರೆ ಪೆಡಸಾದ ಕಾರ್ಬೈಡ್ ಹರಳುಗಳ ಸುತ್ತ ಬಲೆಯಂತೆ ಕಟ್ಟಿಕೊಳ್ಳುತ್ತದೆ, ಬಿರುಕಿಗೆ ದಾರಿಯಾಗುತ್ತದೆ. ಅದಕ್ಕೇ ರೋಲಿಂಗ್ ಮುಗಿಯುವಾಗಿನ ಶಾಖವನ್ನೂ ತಣಿಸುವ ವೇಗವನ್ನೂ ಹಿಡಿತದಲ್ಲಿ ಇಡುತ್ತಾರೆ. ಮತ್ತೆ ಹದವಾಗಿ ಕಾಯಿಸಿ ಕಾರ್ಬೈಡನ್ನು ಪುಟ್ಟ ಗುಂಡುಗಳಾಗಿಸಿ, ಕೊನೆಗೆ ಉಕ್ಕನ್ನು ಗಡುಸು ಮಾಡುತ್ತಾರೆ. ಸಮನಾಗಿ ಹರಡಿದ ಈ ಗುಂಡುಗಳು ಸವೆತವನ್ನು ತಡೆಯುತ್ತವೆ.

ಹಾಗಾದರೆ ಬೇರಿಂಗ್ ಹಾಳಾಗುವುದೇಕೆ? ಮತ್ತೆ ಮತ್ತೆ ಬೀಳುವ ಭಾರಕ್ಕೆ ಒಳಗಿನ ಕಸರಿನ ಕಣದ ಬಳಿ ಸಣ್ಣ ಬಿರುಕು ಹುಟ್ಟಿ ಬೆಳೆಯುತ್ತದೆ. ಧೂಳು ಸೇರಿದರೆ, ಗ್ರೀಸ್ ಒಣಗಿದರೆ ಇನ್ನೂ ಬೇಗ ಹಾಳಾಗುತ್ತದೆ.

ಸಾರ್ಬಿ 1908ರಲ್ಲಿ ತೀರಿಕೊಂಡರು. ಉಕ್ಕಿನ ಒಂದು ಒಳರಚನೆಗೆ ಸಾರ್ಬೈಟ್ ಎಂದು ಅವರ ಹೆಸರನ್ನೇ ಇಟ್ಟರು. ಇಂದು ರೈಲು ಹಳಿ ಮುರಿದರೆ ಪರೀಕ್ಷಕರು ಅದರ ತುಂಡನ್ನು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಅದನ್ನು ಯಾರೂ ಹುಚ್ಚು ಎನ್ನುವುದಿಲ್ಲ.