ಕೊಂಡಿಯಲ್ಲಿ ಭಾರ ಹಂಚಿದವನು: ಹ್ಯಾರಿ ಫರ್ಗುಸನ್

ಭದ್ರಾವತಿ ಕಡೆಯ ಹಳ್ಳಿ ರಸ್ತೆಗಳಲ್ಲಿ ಕಬ್ಬೋ, ಇಟ್ಟಿಗೆಯೋ ತುಂಬಿದ ಟ್ರೇಲರ್ ಎಳ್ಕೊಂಡು ಏರು ಹತ್ತೋ ಟ್ರ್ಯಾಕ್ಟರನ್ನ ನೀವೆಲ್ಲ ನೋಡಿರ್ತೀರ. ಕೆಲವೊಮ್ಮೆ ಅದರ ಮುಂದಿನ ಚಕ್ರಗಳು ನೆಲ ಬಿಟ್ಟು ಮೇಲೇಳ್ತವೆ. ನೋಡೋರಿಗೆ ಅದು ತಮಾಷೆ. ಸ್ಟೀರಿಂಗ್ ಹಿಡಿದವನಿಗೆ ಮಾತ್ರ ಆ ಕ್ಷಣದಲ್ಲಿ ಕೈಯಲ್ಲಿ ಏನೂ ಉಳಿದಿರೋದಿಲ್ಲ. ಚಕ್ರವೇ ನೆಲದ ಮೇಲಿಲ್ಲದಿದ್ದರೆ ತಿರುಗಿಸೋದು ಏನನ್ನ?

ಇದರ ಲೆಕ್ಕ ಮೊದಲ ವರ್ಷದ ಮೆಕ್ಯಾನಿಕ್ಸ್‌ನಷ್ಟೇ ಸರಳ. ಟ್ರ್ಯಾಕ್ಟರ್‌ನ ಎರಡು ಆಕ್ಸಲ್‌ಗಳ ನಡುವೆ 2 ಮೀಟರ್ ಅಂತರ, ಹಿಂದಿನ ಆಕ್ಸಲ್‌ನಿಂದ ಹುಕ್ ಇರೋದು 0.6 ಮೀಟರ್ ಹಿಂದೆ ಅಂತಿಟ್ಕೊಳ್ಳಿ. ಎರಡು ಚಕ್ರದ ಟ್ರೇಲರ್ ಆ ಹುಕ್ಕಿನ ಮೇಲೆ 500 ಕೆ.ಜಿ. ಭಾರ ಹೇರಿದರೆ ಮುಂದಿನ ಚಕ್ರಗಳು 150 ಕೆ.ಜಿ. ಕಳ್ಕೊಳ್ತವೆ, ಹಿಂದಿನವು 650 ಕೆ.ಜಿ. ಹೊರ್ತವೆ. ಇದು ನಿಂತಲ್ಲಿನ ಲೆಕ್ಕ. ಏರು ಬಂದರೆ, ಜೋರಾಗಿ ಕ್ಲಚ್ ಬಿಟ್ಟರೆ ಮುಂಭಾಗ ಇನ್ನೂ ಹಗುರ. ಎತ್ತಿನ ಗಾಡಿ ಹೊಡೆದ ನಮ್ಮ ಅಜ್ಜಂದಿರಿಗೆ ಇದನ್ನ ಯಾರೂ ಹೇಳಿಕೊಡಬೇಕಿರಲಿಲ್ಲ. ಮುಂಭಾರವಾದರೆ ಎತ್ತಿನ ಹೆಗಲಿಗೆ ಪೆಟ್ಟು, ಹಿಂಭಾರವಾದರೆ ನೊಗವೇ ಮೇಲೇಳುತ್ತೆ. ಮೂಟೆಗಳನ್ನ ಅತ್ತಿತ್ತ ಸರಿಸಿ ಸರಿಮಾಡ್ಕೊಳ್ತಿದ್ದರು.

ಈ ಸಮಸ್ಯೆಯನ್ನೇ ಬದುಕಿಡೀ ಬೆನ್ನು ಹತ್ತಿದವನು ಹ್ಯಾರಿ ಫರ್ಗುಸನ್. ಟ್ರ್ಯಾಕ್ಟರ್‌ಗಳ ಮೇಲೆ ಮ್ಯಾಸಿ ಫರ್ಗುಸನ್ ಅಂತ ಓದ್ತೀವಲ್ಲ, ಅದರಲ್ಲಿರೋ ಫರ್ಗುಸನ್ ಇವನೇ.

ಹ್ಯಾರಿ ಹುಟ್ಟಿದ್ದು 1884ರ ನವೆಂಬರ್ 4ರಂದು, ಐರ್ಲೆಂಡಿನ ಡೌನ್ ಕೌಂಟಿಯ ಒಂದು ರೈತ ಕುಟುಂಬದಲ್ಲಿ. ಮನೆ ತುಂಬ ಮಕ್ಕಳು, ಮೈ ಮುರಿಯೋ ಹೊಲದ ಕೆಲಸ. ಹುಡುಗನಿಗೆ ಆ ಕೆಲಸ ಹಿಡಿಸಲಿಲ್ಲ. 1902ರಲ್ಲಿ ಬೆಲ್‌ಫಾಸ್ಟ್‌ಗೆ ಹೋಗಿ ಅಣ್ಣನ ಸೈಕಲ್ ಮತ್ತು ಕಾರು ರಿಪೇರಿ ಅಂಗಡಿ ಸೇರ್ಕೊಂಡ. ರೈಟ್ ಸಹೋದರರ ಸುದ್ದಿ ಕೇಳಿ ತಾನೂ ಒಂದು ವಿಮಾನ ಕಟ್ಟಿದ. 1909ರ ಡಿಸೆಂಬರ್ 31ರಂದು ಅದರಲ್ಲಿ ಸುಮಾರು 120 ಮೀಟರ್ ಹಾರಿದ. ಐರ್ಲೆಂಡ್ ನೆಲದಿಂದ ಮೇಲೆದ್ದ ಮೊದಲ ವಿಮಾನ ಅದೇ. 1911ರಲ್ಲಿ ಸ್ವಂತ ಗ್ಯಾರೇಜು ತೆರೆದ.

ಬಿಟ್ಟು ಬಂದ ಹೊಲ ಅವನನ್ನ ಬಿಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಆಹಾರದ ಕೊರತೆಯಾಗಿ ಎಲ್ಲ ಕಡೆ ಟ್ರ್ಯಾಕ್ಟರ್ ಉಳುಮೆ ಶುರುವಾಯ್ತು. 1917ರಲ್ಲಿ ಐರ್ಲೆಂಡಿನ ಕೃಷಿ ಇಲಾಖೆ ಟ್ರ್ಯಾಕ್ಟರ್‌ಗಳ ಕೆಲಸ ಸುಧಾರಿಸೋ ಹೊಣೆಯನ್ನ ಇವನಿಗೆ ಕೊಟ್ಟಿತು. ತನ್ನ ಮೆಕ್ಯಾನಿಕ್ ವಿಲ್ಲಿ ಸ್ಯಾಂಡ್ಸ್ ಜೊತೆ ಹೊಲದಿಂದ ಹೊಲಕ್ಕೆ ಅಲೆದ ಹ್ಯಾರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಎಂಜಿನ್ ಬಗ್ಗೆ ಎಲ್ಲರೂ ತಲೆ ಕೆಡಿಸ್ಕೊಂಡಿದ್ದಾರೆ, ಕೊಂಡಿಯ ಬಗ್ಗೆ ಯಾರೂ ಯೋಚಿಸ್ತಿಲ್ಲ. ಎತ್ತು, ಕುದುರೆ ಎಳೀತಿದ್ದ ನೇಗಿಲನ್ನೇ ತಂದು ಸರಪಳಿಯಿಂದ ಟ್ರ್ಯಾಕ್ಟರ್‌ಗೆ ಕಟ್ಟಿದ್ದರು, ಅಷ್ಟೇ. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿದರೆ ಹಿಂದಿನ ಚಕ್ರ ಮುಂದೆ ಹೋಗಲಾರದೆ, ಎಂಜಿನ್‌ನ ಶಕ್ತಿಯೆಲ್ಲ ಟ್ರ್ಯಾಕ್ಟರ್‌ನ ಮೂತಿ ಎತ್ತೋದಕ್ಕೆ ಹೋಗ್ತಿತ್ತು. ಗಾಡಿ ಹಿಮ್ಮುಖವಾಗಿ ಮಗುಚಿ ಚಾಲಕನ ಮೇಲೆ ಬೀಳ್ತಿತ್ತು. ಆಗ ಜನಪ್ರಿಯವಾಗಿದ್ದ ಫೋರ್ಡ್‌ಸನ್ ಟ್ರ್ಯಾಕ್ಟರ್‌ನಲ್ಲಿ ಹೀಗೆ ಸತ್ತವರು ಹಲವರು.

ಇದಕ್ಕೆ ಎಲ್ಲರಿಗೂ ಹೊಳೆದ ಪರಿಹಾರ ಟ್ರ್ಯಾಕ್ಟರಿಗೆ ಇನ್ನಷ್ಟು ಕಬ್ಬಿಣ ಹೇರೋದು. ನಮ್ಮ ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ, ಅತ್ತ ಬೆಲ್‌ಫಾಸ್ಟ್‌ನಲ್ಲಿ ಹ್ಯಾರಿ ಕಬ್ಬಿಣ ಸೇರಿಸದೆ ಕೆಲಸ ಸಾಧಿಸೋ ದಾರಿ ಹುಡುಕ್ತಿದ್ದ. ಭಾರ ಬೇಕು ನಿಜ, ಆದರೆ ಬೇಕಾದಾಗ ಬೇಕಾದ ಚಕ್ರದ ಮೇಲೆ ಮಾತ್ರ ಬೇಕು. ಅದನ್ನ ನೇಗಿಲಿನಿಂದಲೇ, ಮಣ್ಣಿನ ಎಳೆತದಿಂದಲೇ ಯಾಕೆ ಪಡೀಬಾರದು ಅನ್ನೋದು ಅವನ ಪ್ರಶ್ನೆ.

ಉತ್ತರ ಬಂದದ್ದು ತ್ರಿಕೋನವಾಗಿ. ಕೆಳಗೆ ಎರಡು ಲಿಂಕ್, ಮೇಲೆ ಒಂದು. ಕೆಳಗಿನವು ನೇಗಿಲನ್ನ ಎಳೀತವೆ. ಮಣ್ಣು ತಡೆದಾಗ ನೇಗಿಲಿನ ತಲೆ ಮುಂದಕ್ಕೆ ವಾಲಿ, ಮೇಲಿನ ಲಿಂಕ್ ಟ್ರ್ಯಾಕ್ಟರನ್ನ ಮುಂದಕ್ಕೆ ತಳ್ಳುತ್ತೆ. ಆ ತಳ್ಳುವಿಕೆ ಮೂತಿಯನ್ನ ನೆಲಕ್ಕೆ ಒತ್ತಿ ಹಿಡಿಯುತ್ತೆ. ಅಂದರೆ ಮಗುಚಿಸೋ ಬಲವೇ ಮಗುಚದಂತೆ ಕಾಯುತ್ತೆ! ಅದೇ ಲಿಂಕ್‌ನ ಒತ್ತಡವನ್ನ ಹೈಡ್ರಾಲಿಕ್ ವಾಲ್ವ್‌ಗೆ ಜೋಡಿಸಿದ. ಮಣ್ಣು ಗಟ್ಟಿಯಾದರೆ ನೇಗಿಲು ತಾನಾಗೇ ತುಸು ಮೇಲೆದ್ದು, ತನ್ನ ಭಾರವನ್ನ ಹಿಂದಿನ ಚಕ್ರಗಳಿಗೆ ದಾಟಿಸುತ್ತೆ. ಇವತ್ತು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಫೀಡ್‌ಬ್ಯಾಕ್ ಅಂತ ಓದ್ತೀವಲ್ಲ, ಅದು ಹೊಲದಲ್ಲಿ ಕೆಲಸ ಮಾಡಿದ ರೀತಿ ಇದು.

1936ರಲ್ಲಿ ಡೇವಿಡ್ ಬ್ರೌನ್ ಜೊತೆ ಸೇರಿ ಇದೇ ವ್ಯವಸ್ಥೆಯ ಟ್ರ್ಯಾಕ್ಟರ್ ತಂದ. 1938ರಲ್ಲಿ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡ್ ಮುಂದೆ ಉತ್ತು ತೋರಿಸಿದ. ಇಬ್ಬರೂ ಕೈಕುಲುಕಿದರು. ಒಪ್ಪಂದ ಅಂದರೆ ಅಷ್ಟೇ, ಕಾಗದದ ಮೇಲೆ ಏನೂ ಇಲ್ಲ. ಮರುವರ್ಷವೇ ಫೋರ್ಡ್ ಕಾರ್ಖಾನೆಯಿಂದ ಫರ್ಗುಸನ್ ಕೊಂಡಿಯ ಟ್ರ್ಯಾಕ್ಟರ್ ಹೊರಬಂತು. ಮುದುಕನ ನಂತರ ಅಧಿಕಾರಕ್ಕೆ ಬಂದ ಮೊಮ್ಮಗ ಆ ಕೈಕುಲುಕನ್ನ ಮಾನ್ಯ ಮಾಡಲಿಲ್ಲ. 1947ರಲ್ಲಿ ಸಂಬಂಧ ಮುರಿದು, ಫೋರ್ಡ್ ಕಂಪನಿ ಹೆಚ್ಚುಕಡಿಮೆ ಅದೇ ವ್ಯವಸ್ಥೆಯ ಟ್ರ್ಯಾಕ್ಟರನ್ನ ತಾನೇ ಮಾರತೊಡಗಿತು. ಹ್ಯಾರಿ 25 ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತಕ್ಕೆ ಕೋರ್ಟಿಗೆ ಹೋದ. 1952ರಲ್ಲಿ ರಾಜಿಯಾಗಿ ಕೈಗೆ ಬಂದದ್ದು 92.5 ಲಕ್ಷ ಡಾಲರ್. ಯಂತ್ರದ ಕೊಂಡಿಯನ್ನ ಅಷ್ಟು ಭದ್ರ ಮಾಡಿದವನು ವ್ಯವಹಾರದ ಕೊಂಡಿಯನ್ನ ಸಡಿಲ ಬಿಟ್ಟಿದ್ದ.

ಆದರೂ ಆತ ಕೈಕಟ್ಟಿ ಕೂರಲಿಲ್ಲ. 1946ರಿಂದ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಅವನ ಪುಟ್ಟ ಬೂದು ಬಣ್ಣದ ಟ್ರ್ಯಾಕ್ಟರ್ ಹತ್ತು ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂತು. 1953ರಲ್ಲಿ ಕಂಪನಿ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿತು. ಕೊನೆಯ ವರ್ಷಗಳನ್ನ ಆತ ಕಾರುಗಳ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚೋ ಸಂಶೋಧನೆಯಲ್ಲಿ ಕಳೆದ. 1960ರ ಅಕ್ಟೋಬರ್ 25ರಂದು ತೀರಿಕೊಂಡ. ಅದೇ ವರ್ಷ ಮದ್ರಾಸಿನಲ್ಲಿ ಟಾಫೆ ಶುರುವಾಗಿ, ಅವನ ಹೆಸರಿನ ಟ್ರ್ಯಾಕ್ಟರ್ ನಮ್ಮ ಗದ್ದೆಗಳಿಗೂ ಇಳಿಯಿತು.

ಅಮೆರಿಕದಲ್ಲಿ ಕಾರಿನ ಹಿಂದೆ ಮನೆಯಂಥ ಟ್ರೇಲರ್ ಕಟ್ಕೊಂಡು ಪ್ರವಾಸ ಹೋಗೋರು ಭಾರ ಹಂಚೋ ಹಿಚ್ ಅಂತ ಒಂದನ್ನ ಬಳಸ್ತಾರೆ. ಅದು ಹ್ಯಾರಿಯದ್ದಲ್ಲ, ಆದರೆ ಯೋಚನೆ ಅದೇ ಜಾತಿಯದು. ಎರಡು ಸ್ಪ್ರಿಂಗ್ ಸ್ಟೀಲ್ ಪಟ್ಟಿಗಳು ಸನ್ನೆಗೋಲಿನಂತೆ ಕೆಲಸ ಮಾಡಿ, ಹುಕ್ಕಿನ ಮೇಲೆ ಬಿದ್ದ ಭಾರದ ಪರಿಣಾಮವನ್ನ ಕಾರಿನ ಮುಂದಿನ ಚಕ್ರಗಳಿಗೂ ಟ್ರೇಲರ್‌ನ ಚಕ್ರಗಳಿಗೂ ಹಂಚ್ತವೆ. ಟ್ರೇಲರ್ ತೂಕದ ಶೇಕಡ 10ರಿಂದ 15ರಷ್ಟು ಹುಕ್ಕಿನ ಮೇಲಿರಬೇಕು ಅನ್ನೋದು ಅಲ್ಲಿನ ರೂಢಿ. ಕಮ್ಮಿಯಾದರೆ ಟ್ರೇಲರ್ ಬಾಲದ ಹಾಗೆ ಓಲಾಡುತ್ತೆ, ಜಾಸ್ತಿಯಾದರೆ ಕಾರಿನ ಮೂತಿ ಏಳುತ್ತೆ. ಆದರೆ ಮಿತಿ ಮೀರಿ ಹೇರಿದ ಭಾರವನ್ನ ಯಾವ ಹಿಚ್ಚೂ ಕಮ್ಮಿ ಮಾಡಲ್ಲ.

ರಜೆಗೆ ಊರಿಗೆ ಹೋದಾಗ ಮನೆ ಟ್ರ್ಯಾಕ್ಟರ್‌ನ ಹಿಂದೆ ಒಂದು ನಿಮಿಷ ನಿಂತು ನೋಡಿ. ಮರದ ದಿಮ್ಮಿ ಎಳೆಯೋಕೆ ಟಾಪ್ ಲಿಂಕ್ ಜಾಗಕ್ಕೆ ಸರಪಳಿ ಕಟ್ಟಿದ್ದರೆ ಬಿಚ್ಚಿಸಿ, ಕೆಳಗಿನ ಡ್ರಾಬಾರ್‌ಗೆ ಕಟ್ಟಿಸಿ. ಎತ್ತರದಲ್ಲಿ ಕಟ್ಟಿದ ಎಳೆತ ಗಾಡಿಯನ್ನ ಹಿಂದಕ್ಕೆ ಮಗುಚುತ್ತೆ. ಟ್ರೇಲರ್‌ನ ಲೋಡು ಮುಂದಕ್ಕೇ ಒಟ್ಟಿದ್ದರೆ ಆಕ್ಸಲ್ ಕಡೆಗೆ ಸರಿಸೋಕೆ ಹೇಳಿ. ಅಪ್ಪನೋ ಚಿಕ್ಕಪ್ಪನೋ ಇಷ್ಟು ವರ್ಷದಿಂದ ಹೀಗೇ ಓಡಿಸ್ತಿದೀವಿ ಅಂದರೆ, ನೆಲದ ಮೇಲೆ ಕಡ್ಡಿಯಿಂದ ಎರಡು ಚಕ್ರ, ಒಂದು ಹುಕ್ ಬರೆದು ಆ 150 ಕೆ.ಜಿ. ಲೆಕ್ಕ ತೋರಿಸಿ.