ವಾಲ್ಡೆಮಾರ್ ಹಾಫ್‌ಕಿನ್

ಪ್ಲೇಗು ಎಂಬ ಹೆಸರು ಕೇಳಿದೊಡನೆ ನಮ್ಮ ನಾಡಿನ ಜನ ಬೆಚ್ಚಿಬೀಳುತ್ತಿದ್ದ ಕಾಲವೊಂದಿತ್ತು. ಮನೆಯ ಅಟ್ಟದಿಂದ ಇಲಿಯೊಂದು ಸತ್ತು ಕೆಳಗೆ ಬಿದ್ದರೆ ಸಾಕು, ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ವಾಸಿಸುತ್ತಿತ್ತು. ಒಮ್ಮೆಲೆ ಏರುವ ಜ್ವರ, ತೊಡೆಯ ಸಂದಿನಲ್ಲಿಯೋ ಕಂಕುಳಿನಲ್ಲಿಯೋ ಏಳುವ ಗಂಟು, ಕೆಲವೇ ದಿನಗಳಲ್ಲಿ ಸಾವು; ಇದು ಆ ರೋಗದ ಕ್ರಮವಾಗಿತ್ತು. 1896ರಲ್ಲಿ ಬೊಂಬಾಯಿಗೆ ಕಾಲಿಟ್ಟ ಈ ಮಹಾಮಾರಿ ರೈಲುಮಾರ್ಗವನ್ನು ಹಿಡಿದು ಒಳನಾಡಿಗೆ ಹರಡಿ, 1898ರಲ್ಲಿ ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಮುಟ್ಟಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳನ್ನು ಒಳಗೊಂಡಿದ್ದ ಅಂದಿನ ಕೋಲಾರ ಜಿಲ್ಲೆಯೂ ಇದರಿಂದ ಪಾರಾಗಲಿಲ್ಲ. ಮುಂದಿನ ಮೂರು ದಶಕಗಳಲ್ಲಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಪ್ಲೇಗಿಗೆ ಬಲಿಯಾದರು.

ಮದ್ದಿಲ್ಲದ ಈ ಮಾರಿಗೆ ಎದುರಾಗಿ ಮೊದಲ ಚುಚ್ಚುಮದ್ದನ್ನು ಸಿದ್ಧಪಡಿಸಿ, ಅದನ್ನು ಎಲ್ಲರಿಗಿಂತ ಮೊದಲು ತಮ್ಮ ಮೈಮೇಲೆಯೇ ಪ್ರಯೋಗಿಸಿಕೊಂಡವರು ವಾಲ್ಡೆಮಾರ್ ಹಾಫ್‌ಕಿನ್. ದೂರದ ದೇಶದಲ್ಲಿ ಹುಟ್ಟಿದ ಅವರು ತಮ್ಮ ಬಾಳಿನ ಅತ್ಯುತ್ತಮ ವರ್ಷಗಳನ್ನು ಭಾರತದ ಜನರ ಪ್ರಾಣರಕ್ಷಣೆಗಾಗಿ ಮುಡಿಪಾಗಿಟ್ಟರು.

ಹಾಫ್‌ಕಿನ್ ಅವರು 1860ನೆಯ ಇಸವಿ ಮಾರ್ಚ್ 15ರಂದು ಕಪ್ಪುಸಮುದ್ರದ ದಡದ ಒಡೆಸ್ಸಾ ನಗರದಲ್ಲಿ ಒಂದು ಯೆಹೂದಿ ಕುಟುಂಬದಲ್ಲಿ ಜನಿಸಿದರು. ಒಡೆಸ್ಸಾ ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಈಗ ಅದು ಉಕ್ರೇನಿನಲ್ಲಿದೆ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಅವರು ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿದರು. ಮುಂದೆ ನೊಬೆಲ್ ಪಾರಿತೋಷಕ ಪಡೆದ ಇಲ್ಯಾ ಮೆಚ್ನಿಕಾಫ್ ಅವರಿಗೆ ಗುರುಗಳಾಗಿದ್ದರು. ಯೆಹೂದಿಗಳ ಮೇಲೆ ದೊಂಬಿಗಳು ನಡೆಯುತ್ತಿದ್ದ ಆ ಕಾಲದಲ್ಲಿ ತಮ್ಮವರ ರಕ್ಷಣೆಗೆ ನಿಂತ ತರುಣ ಹಾಫ್‌ಕಿನ್ ಸೆರೆಮನೆಯನ್ನೂ ಕಂಡರು. ಮತಾಂತರ ಹೊಂದಿದರೆ ವಿಶ್ವವಿದ್ಯಾಲಯದಲ್ಲಿ ಉನ್ನತ ಹುದ್ದೆಯ ದಾರಿ ತೆರೆಯುತ್ತಿತ್ತು. ಆದರೆ ಹುದ್ದೆಗಾಗಿ ಹುಟ್ಟಿದ ಧರ್ಮವನ್ನು ತೊರೆಯಲು ಅವರ ಮನಸ್ಸು ಒಪ್ಪಲಿಲ್ಲ.

1888ರಲ್ಲಿ ಅವರು ಸ್ವದೇಶವನ್ನು ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರಿಗೆ ಮೊದಲು ದೊರೆತದ್ದು ಗ್ರಂಥಾಲಯದಲ್ಲಿ ಸಹಾಯಕನ ಕೆಲಸ ಮಾತ್ರ. ಅದನ್ನು ಕೀಳೆಂದು ಬಗೆಯದೆ, ಬಿಡುವಿನ ವೇಳೆಯನ್ನೆಲ್ಲ ಪ್ರಯೋಗಶಾಲೆಯಲ್ಲಿ ಕಳೆದರು.

ಆ ದಿನಗಳಲ್ಲಿ ಕಾಲರಾ ರೋಗವು ಏಷ್ಯಾ ಯೂರೋಪು ಖಂಡಗಳನ್ನು ತಲ್ಲಣಗೊಳಿಸಿತ್ತು. ಹಾಫ್‌ಕಿನ್ ಅವರು ಕಾಲರಾ ರೋಗಾಣುಗಳನ್ನು ಪಳಗಿಸಿ ಎರಡು ಬಗೆಯ ಮದ್ದನ್ನು ಸಿದ್ಧಪಡಿಸಿದರು. ಮೊದಲನೆಯದು ಶಕ್ತಿ ಕುಂದಿಸಿದ ರೋಗಾಣುಗಳದು. ಕೆಲವು ದಿನಗಳ ಬಳಿಕ ಹಾಕುವ ಎರಡನೆಯದು ಶಕ್ತಿ ಹೆಚ್ಚಿಸಿದ ರೋಗಾಣುಗಳದು. ಪ್ರಾಣಿಗಳಲ್ಲಿ ಇದು ಫಲಿಸಿತು. ಆದರೆ ಮನುಷ್ಯನಿಗೆ ಇದು ಅಪಾಯಕರವಲ್ಲವೆಂದು ತಿಳಿಯುವ ಬಗೆ ಹೇಗೆ? ಈ ಪ್ರಶ್ನೆಗೆ ಉತ್ತರ ಪಡೆಯಲು ಅವರು ಬೇರೊಬ್ಬರನ್ನು ಹುಡುಕಲಿಲ್ಲ. 1892ರ ಜುಲೈ 18ರಂದು ಆ ಮದ್ದನ್ನು ತಾವೇ ಚುಚ್ಚಿಕೊಂಡರು. ಜ್ವರ ಬಂದಿತು, ಇಳಿಯಿತು. ಮದ್ದು ನಿರಪಾಯವೆಂದು ಮನದಟ್ಟಾದ ಮೇಲೆಯೇ ಅದನ್ನು ಇತರರಿಗೆ ಕೊಡಲು ಮುಂದಾದರು.

ಕಾಲರಾ ಸದಾ ನೆಲೆಸಿದ್ದ ನಾಡಿನಲ್ಲಿಯೇ ತಮ್ಮ ಮದ್ದನ್ನು ಪರೀಕ್ಷಿಸಬೇಕೆಂದು ನಿಶ್ಚಯಿಸಿ ಅವರು 1893ರಲ್ಲಿ ಭಾರತಕ್ಕೆ ಬಂದರು. ಅವರು ಪ್ರಾಣಿಶಾಸ್ತ್ರಜ್ಞರೇ ಹೊರತು ವೈದ್ಯಪದವಿ ಪಡೆದವರಲ್ಲ. ಆದುದರಿಂದ ಹಲವು ಅಧಿಕಾರಿಗಳು ಅವರನ್ನು ಸಂಶಯದಿಂದ ಕಂಡರು. ಜನಸಾಮಾನ್ಯರಿಗಂತೂ ಆರೋಗ್ಯವಾಗಿರುವ ಮೈಗೆ ಸೂಜಿ ಚುಚ್ಚುವುದೆಂದರೆ ಭಯ. ಹಾಫ್‌ಕಿನ್ ಯಾರನ್ನೂ ಬಲವಂತಪಡಿಸಲಿಲ್ಲ. ಭಾರತೀಯ ವೈದ್ಯರನ್ನು ಜೊತೆಗೂಡಿಸಿಕೊಂಡು ಕಲ್ಕತ್ತೆಯ ಗುಡಿಸಲುಕೇರಿಗಳಲ್ಲಿ ಮನೆಮನೆಗೂ ನಡೆದು ಹೋಗಿ ಜನರಿಗೆ ತಿಳಿಯಹೇಳಿದರು. 1894ರಲ್ಲಿ ಕಾಲರಾ ಕಾಣಿಸಿಕೊಂಡ ಒಂದು ಕೇರಿಯಲ್ಲಿದ್ದ ಸುಮಾರು 200 ಮಂದಿಯಲ್ಲಿ 116 ಮಂದಿ ಮದ್ದು ಹಾಕಿಸಿಕೊಂಡರು. ಆಮೇಲೆ ಅಲ್ಲಿ ರೋಗ ತಗುಲಿದ್ದು ಹಾಕಿಸಿಕೊಳ್ಳದವರಿಗೆ ಮಾತ್ರ. ಎರಡೇ ವರ್ಷಗಳಲ್ಲಿ ಅವರು ಸುಮಾರು 40,000 ಜನರಿಗೆ ಕಾಲರಾ ಮದ್ದನ್ನು ಚುಚ್ಚಿದರು. ಕೊನೆಗೆ ಮಲೇರಿಯಾದಿಂದ ಬಳಲಿ ಕೆಲಕಾಲ ಯೂರೋಪಿಗೆ ಮರಳಬೇಕಾಯಿತು.

ಅವರು ಮತ್ತೆ ಭಾರತಕ್ಕೆ ಬಂದ ವರ್ಷವೇ, ಅಂದರೆ 1896ರಲ್ಲಿ, ಬೊಂಬಾಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಸರ್ಕಾರವು ಹಾಫ್‌ಕಿನ್ ಅವರನ್ನು ಕಲ್ಕತ್ತೆಯಿಂದ ಕರೆಸಿಕೊಂಡಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೊಠಡಿ, ಅದಕ್ಕೆ ಹೊಂದಿದ ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟೇ ಅವರಿಗೆ ಒದಗಿದ ಸೌಕರ್ಯ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದು ಎರಡು ವರ್ಷಗಳಷ್ಟೇ ಆಗಿದ್ದವು. ಹಾಫ್‌ಕಿನ್ ಅವರು ರೋಗಾಣುಗಳನ್ನು ಮಾಂಸದ ಸಾರಿನಲ್ಲಿ ಬೆಳೆಸಿದರು. ಹಿಂದೂಗಳ ಮತ್ತು ಮುಸಲ್ಮಾನರ ಮನಸ್ಸಿಗೆ ನೋವಾಗದಿರಲೆಂದು ಅದಕ್ಕೆ ಆಡಿನ ಮಾಂಸವನ್ನು ಬಳಸಿದರು. ಸಾರಿನ ಮೇಲೆ ತೆಳುವಾಗಿ ತುಪ್ಪವನ್ನು ತೇಲಿಬಿಟ್ಟರೆ, ರೋಗಾಣುಗಳು ಅದಕ್ಕೆ ಅಂಟಿಕೊಂಡು ಬಿಳಲುಗಳಂತೆ ಕೆಳಕ್ಕೆ ಇಳಿಬಿದ್ದು ಹುಲುಸಾಗಿ ಬೆಳೆಯುತ್ತಿದ್ದವು. ಹೀಗೆ ಬೆಳೆದುದನ್ನು ಒಂದು ಗಂಟೆಯ ಕಾಲ 70 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದಾಗ ರೋಗಾಣುಗಳು ಸಾಯುತ್ತಿದ್ದವು. ಆದರೂ ದೇಹದಲ್ಲಿ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಗುಣ ಅವುಗಳಲ್ಲಿ ಉಳಿಯುತ್ತಿತ್ತು. ಹಗಲಿರುಳೆನ್ನದೆ ನಡೆದ ಈ ದುಡಿಮೆಯ ಭಾರವನ್ನು ತಾಳಲಾರದೆ ಸಹಾಯಕರು ಕೆಲವರು ಬಿಟ್ಟುಹೋದರೂ ಅವರು ಎದೆಗುಂದಲಿಲ್ಲ. ಮೂರೇ ತಿಂಗಳಲ್ಲಿ ಮದ್ದು ಸಿದ್ಧವಾಯಿತು.

1897ರ ಜನವರಿ 10ರಂದು ಹಾಫ್‌ಕಿನ್ ಅವರು ಆ ಮದ್ದನ್ನು ತಮ್ಮ ಮೈಗೆ ಚುಚ್ಚಿಸಿಕೊಂಡರು. ಮುಂದೆ ಜನರಿಗೆ ಕೊಡಬೇಕೆಂದಿದ್ದುದಕ್ಕಿಂತ ಬಹಳ ಹೆಚ್ಚಿನ ಪ್ರಮಾಣವನ್ನೇ ತೆಗೆದುಕೊಂಡರು. ಬಲವಾದ ಜ್ವರವೂ ನೋವೂ ಕಾಣಿಸಿಕೊಂಡರೂ ಎಂದಿನಂತೆ ಕೆಲಸ ಮಾಡುತ್ತಲೇ ಇದ್ದರು.

ತನ್ನೊಬ್ಬನಿಗೆ ಕೇಡಾಗಲಿಲ್ಲವೆಂದ ಮಾತ್ರಕ್ಕೆ ಮದ್ದು ರೋಗವನ್ನು ತಡೆಯುತ್ತದೆಂದು ಹೇಳಲಾಗದು. ಅದನ್ನು ತಿಳಿಯಬೇಕಾದರೆ ಒಂದೇ ನೆಲೆಯಲ್ಲಿ ಬಾಳುವ, ಒಂದೇ ಅನ್ನವನ್ನು ಉಣ್ಣುವ ಎರಡು ಗುಂಪುಗಳನ್ನು ಹೋಲಿಸಿ ನೋಡಬೇಕು. ಆ ಸಂದರ್ಭವು ಅದೇ ತಿಂಗಳ ಕೊನೆಯಲ್ಲಿ ಒದಗಿತು. ಬೊಂಬಾಯಿಯ ಬೈಕುಲ್ಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮದ್ದಿಗೆ ಒಪ್ಪಿ ಮುಂದೆ ಬಂದರು. ಆ ಬಳಿಕ ಮದ್ದು ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ರೋಗ ತಗುಲಿ 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಮಾತ್ರ ರೋಗ ಬಂದಿತು, ಯಾರೂ ಸಾಯಲಿಲ್ಲ.

1898ರಲ್ಲಿ ಬರೋಡಾದ ಬಳಿಯ ಉಂಧೇರಾ ಎಂಬ ಹಳ್ಳಿಯಲ್ಲಿ ಇನ್ನೂ ಎಚ್ಚರಿಕೆಯ ಪರೀಕ್ಷೆಯೊಂದು ನಡೆಯಿತು. ಪ್ರತಿಯೊಂದು ಮನೆಯಲ್ಲಿಯೂ ಅರ್ಧದಷ್ಟು ಜನರಿಗೆ ಮದ್ದು ಹಾಕಿ, ಉಳಿದವರನ್ನು ಹಾಗೆಯೇ ಬಿಡಲಾಯಿತು. ಆರು ವಾರಗಳ ಮೇಲೆ ಲೆಕ್ಕ ನೋಡಿದಾಗ, ಪ್ಲೇಗು ಹೊಕ್ಕ ಮನೆಗಳಲ್ಲಿ ಮದ್ದಿಲ್ಲದ 64 ಮಂದಿಯಲ್ಲಿ 26 ಮಂದಿ ತೀರಿಕೊಂಡಿದ್ದರು. ಅವೇ ಮನೆಗಳಲ್ಲಿ ಮದ್ದು ಹಾಕಿಸಿಕೊಂಡಿದ್ದ 71 ಮಂದಿಯಲ್ಲಿ ಸತ್ತವರು ಮೂವರು. ಈ ಅಂಕಿಗಳ ಹಿಂದೆ ಇರುವುದು ಒಂದೇ ಸೂರಿನಡಿ ಬಾಳಿದ ಅಣ್ಣತಮ್ಮಂದಿರ, ತಾಯಿಮಕ್ಕಳ ಬದುಕು ಎಂಬುದನ್ನು ಮರೆಯಲಾಗದು. ಮದ್ದಿನ ಗುಣ ಇನ್ನೂ ಖಚಿತವಾಗದಿದ್ದ ಕಾಲದಲ್ಲಿ ನಡೆದ ಈ ಪರೀಕ್ಷೆಯಿಂದಲೇ ಮುಂದೆ ಲಕ್ಷಾಂತರ ಜನರಿಗೆ ಅದನ್ನು ನಂಬಿಕೆಯಿಂದ ಕೊಡುವುದು ಸಾಧ್ಯವಾಯಿತು.

ಅದೇ ವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗು ಉಗ್ರರೂಪವನ್ನು ತಾಳಿತು. ಬೊಂಬಾಯಿ ಪ್ರಾಂತಕ್ಕೆ ಸೇರಿದ್ದ ಆ ಪಟ್ಟಣವು ರೈಲಿನ ಕೇಂದ್ರವೂ ಹತ್ತಿಯ ವ್ಯಾಪಾರಸ್ಥಳವೂ ಆಗಿತ್ತು. ಅಲ್ಲಿ ಡಾಕ್ಟರ್ ಲ್ಯೂಮನ್ ಎಂಬ ವೈದ್ಯರು ಹಾಫ್‌ಕಿನ್ ಅವರ ಮದ್ದನ್ನು ಜನರಿಗೆ ಹಾಕುವ ಹೊಣೆಯನ್ನು ಹೊತ್ತರು. ಕುಮಾರಿ ಕಾರ್ಥಾರ್ನ್ ಎಂಬ ವೈದ್ಯೆ ಧಾರವಾಡ ಜಿಲ್ಲೆಯಲ್ಲಿ ಇದೇ ಕಾರ್ಯದಲ್ಲಿ ತೊಡಗಿದರು. ಮೊದಲು ಹಿಂಜರಿದ ಜನರು, ಹಾಕಿಸಿಕೊಂಡ ನೆರೆಹೊರೆಯವರು ಉಳಿದುದನ್ನು ಕಣ್ಣಾರೆ ಕಂಡು ತಾವಾಗಿಯೇ ಬರತೊಡಗಿದರು. ಕೆಲವೇ ತಿಂಗಳಲ್ಲಿ ಹುಬ್ಬಳ್ಳಿಯ 30,000ಕ್ಕೂ ಹೆಚ್ಚು ಜನ ಚುಚ್ಚುಮದ್ದು ಪಡೆದರು. ಅಷ್ಟು ದೊಡ್ಡ ಊರೊಂದು ಬಹುಮಟ್ಟಿಗೆ ಪೂರ್ಣವಾಗಿ ಪ್ಲೇಗು ಮದ್ದಿಗೆ ಮೈಯೊಡ್ಡಿದ್ದು ಆ ಕಾಲದಲ್ಲಿ ಅಪೂರ್ವ ಸಂಗತಿಯಾಗಿತ್ತು.

ಸರ್ಕಾರವು ನೇಮಿಸಿದ ಪ್ಲೇಗು ಆಯೋಗವು ಈ ಎಲ್ಲ ಲೆಕ್ಕಗಳನ್ನು ಪರಿಶೀಲಿಸಿತು. ಕೆಲವು ಊರುಗಳ ಅಂಕಿಗಳು ಸಾಕಷ್ಟು ನಿಖರವಾಗಿಲ್ಲವೆಂದೂ, ಮದ್ದು ಪೂರ್ಣ ರಕ್ಷಣೆಯನ್ನು ಕೊಡುವುದಿಲ್ಲವೆಂದೂ ಅದು ಹೇಳಿತು. ಆದರೂ ರೋಗವನ್ನೂ ಸಾವನ್ನೂ ಗಣನೀಯವಾಗಿ ತಗ್ಗಿಸುವ ಗುಣ ಅದಕ್ಕಿದೆಯೆಂದು ಒಪ್ಪಿಕೊಂಡಿತು. 1899ರಲ್ಲಿ ಬೊಂಬಾಯಿಯ ಪರೇಲಿನಲ್ಲಿದ್ದ ಹಳೆಯ ಗವರ್ನರ್ ಬಂಗಲೆಯಲ್ಲಿ ಪ್ಲೇಗು ಸಂಶೋಧನಾಲಯವು ಆರಂಭವಾಯಿತು. ಹಾಫ್‌ಕಿನ್ ಅವರೇ ಅದರ ಮುಖ್ಯಸ್ಥರಾದರು.

ಕೀರ್ತಿಯ ಶಿಖರದಲ್ಲಿದ್ದಾಗಲೇ ಅವರಿಗೆ ಕಡುಕಷ್ಟವೊಂದು ಎದುರಾಯಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಮದ್ದು ಚುಚ್ಚಲಾಯಿತು. ಅವರಲ್ಲಿ 19 ಮಂದಿ ಕೆಲವೇ ದಿನಗಳಲ್ಲಿ ಧನುರ್ವಾಯು ಹಿಡಿದು ಸತ್ತರು. ಆ 19 ಮಂದಿಗೂ ಮದ್ದನ್ನು ತೆಗೆದದ್ದು ಒಂದೇ ಸೀಸೆಯಿಂದ. ವಿಚಾರಣೆ ನಡೆಸಿದ ಸಮಿತಿಯು, ಬೊಂಬಾಯಿಯ ಸಂಶೋಧನಾಲಯದಲ್ಲಿಯೇ ಸೀಸೆಯು ಕಲುಷಿತವಾಗಿರಬೇಕೆಂದು ಅಭಿಪ್ರಾಯಪಟ್ಟಿತು. ಹಾಫ್‌ಕಿನ್ ಅವರನ್ನು ಕೆಲಸದಿಂದ ದೂರವಿಡಲಾಯಿತು. ಸಾವಿರಾರು ಜನರನ್ನು ಉಳಿಸಿದ ಅವರು 19 ಜನರ ಸಾವಿಗೆ ಕಾರಣರೆಂಬ ಕಳಂಕವನ್ನು ಹೊತ್ತು ಇಂಗ್ಲೆಂಡಿಗೆ ತೆರಳಬೇಕಾಯಿತು. ಈ ಸುದ್ದಿಯಿಂದ ಪಂಜಾಬಿನ ಜನ ಚುಚ್ಚುಮದ್ದಿಗೆ ಹೆದರಿ ಹಿಂದೆಗೆದರು. ಪ್ಲೇಗು ಮಾತ್ರ ಹಿಂದೆಗೆಯಲಿಲ್ಲ.

ಹಾಫ್‌ಕಿನ್ ಅವರು ಕಳಂಕಕ್ಕೆ ತಲೆಬಾಗಿ ಸುಮ್ಮನಾಗಲಿಲ್ಲ. ಪ್ರಯೋಗಶಾಲೆಯಲ್ಲಿ ಯಾವ ಕ್ರಮದಿಂದ ಸತ್ಯವನ್ನು ಹುಡುಕಿದ್ದರೋ ಅದೇ ಕ್ರಮದಿಂದ ಸಾಕ್ಷ್ಯಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಧನುರ್ವಾಯುವಿನ ರೋಗಾಣುಗಳು ಬಹುದಿನಗಳ ಹಿಂದೆಯೇ ಸೀಸೆಯನ್ನು ಹೊಕ್ಕಿದ್ದರೆ ಮದ್ದು ದುರ್ವಾಸನೆ ಬೀರಬೇಕಾಗಿತ್ತು. ಮುಲ್ಕೋವಾಲಿನಲ್ಲಿ ತೆರೆದಾಗ ಅದರಲ್ಲಿ ಅಂಥ ವಾಸನೆಯಿರಲಿಲ್ಲ. ಅಲ್ಲದೆ, ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಇಕ್ಕಳವು ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆಯೇ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣುಗಳು ನೆಲೆಸಿರುವುದು ಮಣ್ಣಿನಲ್ಲಿಯೇ.

ಮಲೇರಿಯಾ ಸೊಳ್ಳೆಗಳಿಂದ ಹರಡುವುದೆಂದು ತೋರಿಸಿದ, ಹಿಂದೆ ಬೆಂಗಳೂರಿನಲ್ಲಿಯೂ ಸೇವೆ ಸಲ್ಲಿಸಿದ್ದ ರೊನಾಲ್ಡ್ ರಾಸ್ ಅವರು ಹಾಫ್‌ಕಿನ್ ಅವರ ಪಕ್ಷವನ್ನು ಎತ್ತಿಹಿಡಿದರು. 1907ರಲ್ಲಿ ರಾಸ್ ಅವರೂ ಸೇರಿದಂತೆ ಹತ್ತು ಮಂದಿ ವಿಜ್ಞಾನಿಗಳು ಸಹಿ ಹಾಕಿದ ಪತ್ರವು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷದ ಕೊನೆಯಲ್ಲಿ ಸರ್ಕಾರವು ಅವರನ್ನು ಆರೋಪದಿಂದ ಮುಕ್ತಗೊಳಿಸಿತು. ಒಂದು ತಪ್ಪು ತೀರ್ಪು ತಿದ್ದಿಕೊಳ್ಳಲು ಐದು ವರ್ಷಗಳು ಹಿಡಿದಿದ್ದವು.

ಹಾಫ್‌ಕಿನ್ ಅವರು ಮತ್ತೆ ಭಾರತಕ್ಕೆ ಬಂದರು. ಆದರೆ ತಾವೇ ಕಟ್ಟಿ ಬೆಳೆಸಿದ ಬೊಂಬಾಯಿಯ ಸಂಸ್ಥೆಯಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಕಲ್ಕತ್ತೆಯ ಪ್ರಯೋಗಶಾಲೆಯೊಂದರಲ್ಲಿ ಕೆಲವು ವರ್ಷ ದುಡಿದು ನಿವೃತ್ತರಾದರು. ಹಿಂದಿನಂತೆ ಜನರ ನಡುವೆ ಹೋಗಿ ಹೊಸ ಮದ್ದುಗಳನ್ನು ಪರೀಕ್ಷಿಸುವ ಅವಕಾಶ ಅವರಿಗೆ ಮತ್ತೆ ದೊರೆಯಲಿಲ್ಲ. ಬಾಳಿನ ಸಂಜೆಯನ್ನು ಫ್ರಾನ್ಸಿನಲ್ಲಿಯೂ ಸ್ವಿಟ್ಜರ್‌ಲೆಂಡಿನಲ್ಲಿಯೂ ಕಳೆದು, 1930ರ ಅಕ್ಟೋಬರ್ 26ರಂದು ಲೊಸಾನ್ ನಗರದಲ್ಲಿ ನಿಧನರಾದರು. ಅವರು ಅವಿವಾಹಿತರಾಗಿಯೇ ಉಳಿದಿದ್ದರು.

ಅವರ ಜೀವಿತಕಾಲದಲ್ಲಿಯೇ, 1925ರಲ್ಲಿ, ಪರೇಲಿನ ಸಂಶೋಧನಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂಬ ಹೆಸರನ್ನಿಡಲಾಯಿತು. ಆ ವೇಳೆಗೆ ಅಲ್ಲಿಂದ ಸುಮಾರು 2 ಕೋಟಿ 60 ಲಕ್ಷ ಜನರಿಗೆ ಸಾಕಾಗುವಷ್ಟು ಪ್ಲೇಗು ಮದ್ದು ಹೊರಬಂದಿತ್ತು. 1964ರಲ್ಲಿ ಭಾರತ ಸರ್ಕಾರವು ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಇಂದು ಪ್ಲೇಗನ್ನು ವಾಸಿಮಾಡಲು ಬೇರೆ ಔಷಧಿಗಳಿವೆ. ಹಾಫ್‌ಕಿನ್ ಅವರ ಹಳೆಯ ಮದ್ದು ಈಗ ಬಳಕೆಯಲ್ಲಿಲ್ಲ. ಆದರೆ ಅವರು ನಡೆದ ದಾರಿ ಹಳತಾಗಿಲ್ಲ. ಹೊಸ ಔಷಧಿಯೊಂದನ್ನು ಪಡೆದವರನ್ನೂ ಪಡೆಯದವರನ್ನೂ ಸಮಾನ ಸ್ಥಿತಿಯಲ್ಲಿಟ್ಟು ಹೋಲಿಸಿ, ಎಣಿಸಿ, ಆಮೇಲೆಯೇ ಅದರ ಗುಣವನ್ನು ಹೇಳುವುದು ಇಂದಿಗೂ ವೈದ್ಯವಿಜ್ಞಾನದ ನಿಯಮವಾಗಿದೆ. ಪರರ ಮೈಗೆ ಸೂಜಿ ಚುಚ್ಚುವ ಮುನ್ನ ತಮ್ಮ ಮೈಯನ್ನೊಡ್ಡಿದ ಆ ಸಂಶೋಧಕರನ್ನು, ಬಲವಂತವಿಲ್ಲದೆ ಮುಂದೆ ಬಂದು ಅವರ ಮದ್ದನ್ನು ಪರೀಕ್ಷೆಗೆ ಹಚ್ಚಿದ ಹುಬ್ಬಳ್ಳಿಯ, ಉಂಧೇರಾದ, ಕಲ್ಕತ್ತೆಯ ಸಾಮಾನ್ಯ ಜನರನ್ನು ನಾವು ಒಟ್ಟಿಗೆ ನೆನೆಯಬೇಕಾಗಿದೆ.