ಬಂಟ್ವಾಳದ ಹುಡುಗ ‘ಕವಿಶಿಷ್ಯ’ನಾದದ್ದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಕನ್ನಡ ಪಾಠ ಮಾಡಿದವನು ನಾನು. ಎಂಟನೆಯ ತರಗತಿಗೆ ಸೇರುವ ಮಕ್ಕಳಲ್ಲಿ ಒಂದು ಅಳುಕನ್ನು ಎಲ್ಲ ಕಡೆಯೂ ಕಂಡಿದ್ದೇನೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಶಾಲೆಯಲ್ಲಿ ಪುಸ್ತಕದ ಕನ್ನಡ. ಮಾತು ತಪ್ಪೀತು, ಉಳಿದವರು ನಕ್ಕಾರು ಎಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ಅಂಥ ಮಕ್ಕಳಿಗೆ ನಾನು ಪಂಜೆ ಮಂಗೇಶರಾಯರ ಬದುಕನ್ನು ಹೇಳುತ್ತಿದ್ದೆ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿಯೂ ಅದನ್ನೇ ಹೇಳುತ್ತೇನೆ.

ಪಂಜೆಯವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ಬಂಟ್ವಾಳದಲ್ಲಿ. ಮನೆಮಾತು ಕೊಂಕಣಿ, ಊರಿನ ಮಾತು ತುಳು. ಮನೆ ಸಿರಿವಂತರದಲ್ಲ. ಮಂಗಳೂರಿಗೆ ಹೋಗಿ ಓದಿ, ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ಶಾಲಾ ತನಿಖಾಧಿಕಾರಿಯಾದರು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿಯೂ ದುಡಿದರು.

ಈ ದಾರಿಯಲ್ಲಿ ಅವರಿಗೆ ಒದಗಿದ ದೊಡ್ಡ ಬಲ ಬೆನಗಲ್ ರಾಮರಾಯರು. ಪಂಜೆಯವರ ಪತ್ನಿ ಭವಾನಿಬಾಯಿ ರಾಮರಾಯರ ಸೋದರಿ. ಸ್ನೇಹವೂ ನೆಂಟಸ್ತಿಕೆಯೂ ಒಂದಾಗಿದ್ದವು. ರಾಮರಾಯರ ‘ಸುವಾಸಿನಿ’ ಪತ್ರಿಕೆಯಲ್ಲಿ ಪಂಜೆಯವರ ಮೊದಮೊದಲ ಕತೆಗಳು ಅಚ್ಚಾದವು. ‘ನನ್ನ ಚಿಕ್ಕತಾಯಿ’, ‘ನನ್ನ ಚಿಕ್ಕತಂದೆ’ ಎಂಬ ಹೆಸರುಗಳಲ್ಲೇ ಮನೆಮಂದಿ ಇದ್ದಾರೆ. ಬರೆಯುವವನಿಗೆ ಮನೆಯೇ ಸಾಕಷ್ಟು ದೊಡ್ಡ ವಿಷಯವೆಂದು ಅವರು ತೋರಿಸಿಕೊಟ್ಟರು.

ಪದ್ಯಗಳಿಗೆ ಅವರು ಹಾಕಿದ ಹೆಸರು ‘ಕವಿಶಿಷ್ಯ’. ಇದನ್ನು ಕೀಳರಿಮೆ ಎಂದು ಯಾರೂ ತಿಳಿಯಬಾರದು. ನಾನಿನ್ನೂ ಕಲಿಯುತ್ತಿದ್ದೇನೆ ಎನ್ನುವುದು ವಿನಯ. ನನ್ನಿಂದ ಆಗದು ಎನ್ನುವುದು ಕೀಳರಿಮೆ. ಶಿಷ್ಯನೆಂದು ಕರೆದುಕೊಂಡವರೇ ಕನ್ನಡದ ಮಕ್ಕಳಿಗೆ ನಾಗರಹಾವಿನ ಹಾಡನ್ನು ಕೊಟ್ಟರು, ಕೊಡಗಿಗೆ ‘ಹುತ್ತರಿ ಹಾಡು’ ಕೊಟ್ಟರು.

ನನ್ನ ತುಳು ಮಕ್ಕಳ ಕಣ್ಣರಳುತ್ತಿದ್ದುದು ಮಾತ್ರ ‘ಕೋಟಿ ಚೆನ್ನಯ’ದ ಮಾತು ಬಂದಾಗ. ಗದ್ದೆಯಲ್ಲಿ ನೇಜಿ ನೆಡುತ್ತಾ ಅಜ್ಜಿಯಂದಿರು ಹಾಡುತ್ತಿದ್ದ ಪಾಡ್ದನದ ವೀರರ ಕತೆಯನ್ನು 1924ರಲ್ಲಿ ಪಂಜೆಯವರು ಕನ್ನಡದ ಪುಸ್ತಕವಾಗಿಸಿದರು. ತಮ್ಮ ಅಜ್ಜಿಗೆ ಗೊತ್ತಿದ್ದದ್ದು ಅಚ್ಚಿಗೆ ಯೋಗ್ಯವಾದದ್ದು ಎಂದು ತಿಳಿದ ಮೇಲೆ ಮಕ್ಕಳ ತಲೆ ತಾನಾಗಿ ಮೇಲೇಳುತ್ತಿತ್ತು. ಅರ್ಧ ತುಳು, ಅರ್ಧ ಕನ್ನಡದಲ್ಲಿ ಕತೆ ಹೇಳಲು ಒಬ್ಬ ಎದ್ದರೆ, ಮರೆತ ಕಡೆ ಪಕ್ಕದವನು ಎತ್ತಿಕೊಡುತ್ತಿದ್ದ.

ಕೊಂಕಣಿ ಮನೆಯ ಆ ಹುಡುಗ 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1937ರಲ್ಲಿ ತೀರಿಕೊಂಡರು.

ಹಿರಿಯ ವಿದ್ಯಾರ್ಥಿಗಳಲ್ಲಿಯೂ ಊರವರಲ್ಲಿಯೂ ನನ್ನದೊಂದು ಕೋರಿಕೆ. ಮನೆಯಲ್ಲಿ ಮಕ್ಕಳಿಗೆ ನಿಮ್ಮ ಮಾತಿನಲ್ಲೇ ಕತೆ ಹೇಳಿ. ಅದನ್ನು ಕನ್ನಡದಲ್ಲಿ ಹೇಳುವ ಧೈರ್ಯವನ್ನು ನಮ್ಮ ಶಾಲೆಯೂ ಜತೆಯ ಮಕ್ಕಳೂ ಕೊಡುತ್ತಾರೆ.